ಏಳು ಗೋಲುಗಳ ನಂತರ

ಸೇಂಟ್ ಆಲ್ಬನ್ಸ್, ಮೆಲ್ಬರ್ನ್
ಮಾರ್ಚ್ 3

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು.

ಫೋನ್ ಮಾಡಿದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧಕ್ಕೆ ಸುಮ್ಮನೆ "ಹೂಂ" ಅನ್ನುತ್ತೀ. ಮೆಸೇಜು ಮಾಡಿದರೆ ಒಂದೇ ಶಬ್ದದಲ್ಲಿ ಮುಗಿಸುತ್ತೀ. ನೀನು ಧಾರವಾಡದ ಹಾಸ್ಟೆಲಿನಲ್ಲಿದ್ದಾಗಿನಿಂದ ನಮ್ಮಿಬ್ಬರ ಮಾತು ಸರಿಯಾಗಿ ನಡೆದದ್ದು ಕಾಗದದ ಮೇಲೇ. ಹಾಗಾಗಿ ಈ ಸುದ್ದಿಯೂ ಕಾಗದದಲ್ಲೇ ಬರುತ್ತಿದೆ.

ನಿನ್ನ ಸೋದರಳಿಯ ಆರವ್‌ನನ್ನು ಮಾಲ್ಟಾ ದೇಶದ ಫುಟ್‌ಬಾಲ್ ತಂಡಕ್ಕೆ ಆರಿಸಿದ್ದಾರೆ. ಗೋಲ್‌ಕೀಪರ್. ಅಜ್ಜನ ದೆಸೆಯಿಂದ ಸಿಕ್ಕ ಪಾಸ್‌ಪೋರ್ಟ್ ಹಿಡಿದು, ಹೋದ ವರ್ಷ ಅಲ್ಲಿನ ಕ್ಲಬ್ಬಿಗೆ ಆಡಲು ಹೋದಾಗ "ಒಂದು ಸೀಸನ್ ಅಷ್ಟೇ, ಅಮ್ಮಾ" ಅಂದಿದ್ದ. ಈಗ ದೇಶದ ಅಂಗಿಯೇ ಬಂತು. ಸದ್ಯಕ್ಕೆ ಬೆಂಚಿನ ಮೇಲೆ ಕೂರುವ ಕೀಪರ್, ಆದರೆ ಜೂನ್ ಹೊತ್ತಿಗೆ ಆಡಿಸಬಹುದಂತೆ.

ಇಲ್ಲಿ ನಮ್ಮ ಮಾವ, ಚಾರ್ಲಿ, ಸುದ್ದಿ ಕೇಳಿದವರೇ ಮನೆ ಚಪ್ಪಲಿಯಲ್ಲೇ ಮಾಲ್ಟೀಸ್ ಕ್ಲಬ್ಬಿಗೆ ನಡೆದುಹೋದರು. ಹದಿನೇಳರ ವಯಸ್ಸಿಗೆ ಮಾಲ್ಟಾದಿಂದ ಹಡಗು ಹತ್ತಿ ಇಲ್ಲಿಗೆ ಬಂದವರು, ಕಾರಿನ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಆಯುಷ್ಯ ಕಳೆದವರು. ಅವರ ಮನೆತನದ ಝಮ್ಮಿತ್ ಅನ್ನುವ ಹೆಸರು ಆ ಅಂಗಿಯ ಬೆನ್ನಿನ ಮೇಲೆ ಬರುತ್ತದೆಂದು ಅವರು ಕನಸಲ್ಲೂ ಎಣಿಸಿರಲಿಲ್ಲ. ನನ್ನ ಗಂಡ ರೇಮಂಡ್ ಹಿಂದೆಯೇ ಹೋಗಿ ಶೂಸ್ ಕೊಟ್ಟುಬಂದ.

ನಿನಗೂ ಮಾವನಿಗೂ ಮಾತಿಲ್ಲ, ಗೊತ್ತು. ಆದರೂ ಹುಡುಗನಿಗೆ ಒಂದು ಮಾತು ಬರೆ. ಚೆಂಡು ಹಿಡಿಯುವುದನ್ನು ಅವನಿಗೆ ಕಲಿಸಿದ್ದು ನೀನು.

ಮಹಾಶ್ವೇತಾ

*

ಪೆಂಡಲ್ ಹಿಲ್, ಸಿಡ್ನಿ
ಮಾರ್ಚ್ 12

ಚಿ. ಸೌ. ಶ್ವೇತಾಳಿಗೆ ಆಶೀರ್ವಾದ.

ಪತ್ರ ತಲುಪಿತು. ಸಂತೋಷವೇ.

ಆದರೂ ಒಂದು ಮಾತು. ನಮ್ಮ ಬೆಳಗಾವಿ ಊರಿನಲ್ಲಿ ಎಷ್ಟು ಜನರಿದ್ದಾರೋ ಹೆಚ್ಚುಕಡಿಮೆ ಅಷ್ಟೇ ಜನ ಆ ಇಡೀ ದೇಶದಲ್ಲಿ. ಅದರೊಳಗೆ ಹನ್ನೊಂದು ಮಂದಿಯನ್ನು ಆರಿಸಿ ಯುರೋಪಿನ ದೊಡ್ಡ ದೊಡ್ಡ ದೇಶಗಳ ಎದುರು ನಿಲ್ಲಿಸುತ್ತಾರೆ. ಅಂಥ ತಂಡಕ್ಕೆ ಗೋಲ್‌ಕೀಪರ್ ಆಗುವುದೆಂದರೆ ಏನೆಂದು ಯೋಚಿಸಿದ್ದೀಯಾ? ಫಾರ್ವರ್ಡ್ ಆಡುವವನು ಸೋತರೆ ಹೆಸರಿಲ್ಲದೆ ಸೋಲುತ್ತಾನೆ. ಕೀಪರ್ ಸೋತರೆ ಪ್ರತಿ ಗೋಲಿಗೂ ಅವನ ಮುಖ ಟಿವಿಯಲ್ಲಿ ಬರುತ್ತದೆ.

ಮೂರು ವರ್ಷದ ಹಿಂದೆ ನಿಮ್ಮ ಮನೆಯ ಕ್ರಿಸ್ಮಸ್ ಊಟದಲ್ಲಿ "ಮಾಲ್ಟಾಕ್ಕ ಆಡೋದು ಅಂದ್ರ ಸೋಲಾಕ ಪಗಾರ ತಗೊಂಡಂಗ" ಎಂದು ಇಂಗ್ಲಿಷಿನಲ್ಲೇ ಹೇಳಿದ್ದೆ. ನಿನ್ನ ಮಾವ ಫೋರ್ಕ್ ಕೆಳಗಿಟ್ಟು ಎದ್ದುಹೋದರು. ಒರಟಾಗಿ ಹೇಳಿದೆ, ನಿಜ. ಆದರೆ ತಪ್ಪು ಹೇಳಿದೆ ಅಂತ ನನಗೆ ಇವತ್ತಿಗೂ ಅನಿಸಿಲ್ಲ. ಇಲ್ಲೇ ಒಂದು ಒಳ್ಳೆಯ ಕ್ಲಬ್ಬಿನಲ್ಲಿ ನಾಲ್ಕು ವರ್ಷ ಬೆಳೆಯಬೇಕಿದ್ದ ಹುಡುಗನನ್ನು ಮುದುಕರೊಬ್ಬರ ಊರಿನ ಹಂಬಲ ಎತ್ತಿಕೊಂಡು ಹೋಯಿತು.

ಅವನಿಗೆ ತಿಳಿಸು: ಕಾರ್ನರ್ ಬಂದಾಗ ಬಾಯಿಬಿಟ್ಟು ಕೂಗಬೇಕು. ಅವನದು ಸಣ್ಣ ದನಿ, ನಿನ್ನ ಹಾಗೆ.

ನಾನು ಆರಾಮ. ರೈಲ್ವೆ ಕೆಲಸ ಬಿಟ್ಟಮೇಲೆ ಶನಿವಾರದ ಕೋಚಿಂಗ್ ಒಂದೇ ಉಳಿದಿದೆ. ಕಿವಿ ಇನ್ನಷ್ಟು ಮಂದವಾಗಿದೆ.

ವಿರುಪಾಕ್ಷ

*

ಸೇಂಟ್ ಆಲ್ಬನ್ಸ್
ಜೂನ್ 11

ಅಣ್ಣನಿಗೆ,

ನೀನೂ ನೋಡಿರುತ್ತೀ. ಏಳು ಗೋಲು.

ನಾವು ಬೆಳಗಿನ ಜಾವ ಕ್ಲಬ್ಬಿನಲ್ಲಿ ಎಲ್ಲರೊಂದಿಗೆ ಕೂತು ನೋಡಿದೆವು. ಚಾರ್ಲಿ ಮಾವ ಕೋಟು ಹಾಕಿ, ಟೈ ಕಟ್ಟಿ ಬಂದಿದ್ದರು. ಮೊದಲ ಗೋಲಿಗೆ ಜನ ಕುರ್ಚಿ ಮುಂದಕ್ಕೆಳೆದುಕೊಂಡರು. ಮೂರನೆಯದಕ್ಕೆ ಹಿಂದಿನ ಸಾಲಿನ ಒಬ್ಬರು ಕಾಫಿಗೆ ಎದ್ದರು. ಐದನೆಯದು ಅವನ ಕಾಲ ಸಂದಿಯಲ್ಲೇ ಹೋಯಿತು. ಅದನ್ನು ಟಿವಿಯವರು ನಾಲ್ಕು ಸಲ ತೋರಿಸಿದರು. ನಾನು ನನ್ನ ಕೈಗಳನ್ನೇ ನೋಡುತ್ತ ಕೂತೆ.

ಆಟ ಮುಗಿದ ಮೇಲೆ ಮಾವ ಎಲ್ಲರಿಗೂ ಕೇಳುವಂತೆ ಹೇಳಿದರು: "ಎಂಬತ್ತಮೂರರಲ್ಲಿ ಸ್ಪೇನ್ ನಮಗೆ ಹನ್ನೆರಡು ಹೊಡೆದಿತ್ತು. ಮಾರನೇ ದಿನ ನಾನು ಕಾರಿಗೆ ಬಾವುಟ ಕಟ್ಟಿಕೊಂಡೇ ಫ್ಯಾಕ್ಟರಿಗೆ ಹೋದೆ." ಜನ ನಕ್ಕರು. ಮನೆಗೆ ಬಂದವರು ಟೈ ಬಿಚ್ಚದೆ ಹಾಗೇ ಹಾಸಿಗೆಯ ಮೇಲೆ ಕೂತರು.

ಇಂಟರ್ನೆಟ್ಟಿನಲ್ಲಿ ಜನ ಅವನಿಗೆ ಏನೇನೋ ಬರೆದಿದ್ದಾರೆ. "ನಿನ್ನ ದೇಶಕ್ಕೆ ವಾಪಸ್ ಹೋಗು" ಅಂತಲೂ ಇತ್ತು. ಯಾವ ದೇಶ ಅಂತ ಅವರಾದರೂ ಬರೆಯಬೇಕಿತ್ತು.

ಆರವ್ ಒಂದು ಮೆಸೇಜ್ ಹಾಕಿದ: "ಐ ಆಮ್ ಓಕೆ. ಸ್ವಲ್ಪ ದಿನ ಫೋನ್ ಆಫ್." ಸರಿ ಎಂದೆ. ಅವನು ಚೆನ್ನಾಗಿದ್ದಾನೆ. ನಾವೂ ಚೆನ್ನಾಗಿದ್ದೇವೆ. ನೀನು ಚಿಂತೆ ಮಾಡಬೇಡ.

ಮಹಾಶ್ವೇತಾ

*

ಪೆಂಡಲ್ ಹಿಲ್
ಜೂನ್ 20

ಶ್ವೇತಾಳಿಗೆ,

ನಾನು ಚಿಂತೆ ಮಾಡುತ್ತಿಲ್ಲ. ನೀನೂ ಮಾಡಬೇಡ. ಏಳು ತಿಂದ ಕೀಪರನನ್ನು ಯಾರೂ ಮಾತಾಡಿಸಬಾರದು. ಸಮಾಧಾನ ಹೇಳುವವರನ್ನು ಕಂಡರೆ ಅವನಿಗೆ ಇನ್ನೂ ಕಷ್ಟ. ಉಂಡು ಮಲಗಲಿ. ಚೆಂಡು ತಾನಾಗಿಯೇ ಅವನನ್ನು ಕರೆಯುತ್ತದೆ.

ಐದನೆಯದೊಂದು ಬಿಟ್ಟರೆ ಅವನ ತಪ್ಪು ನನಗೆ ಕಾಣಲಿಲ್ಲ. ಎದುರಿಗಿದ್ದವರು ಯಾವ ಕೋನದಿಂದಲೂ ಹೊಡೆಯಬಲ್ಲವರು, ನಮ್ಮವರು ಓಡಿ ಓಡಿ ಸುಸ್ತಾಗಿದ್ದರು. ನಮ್ಮವರು ಎಂದು ಬರೆದೆನೇ? ಇರಲಿ.

ಇಲ್ಲಿ ಚಳಿ ಜೋರು. ಈಚೆಗೆ ಮತ್ತೆ ದಿನಾ ರೊಟ್ಟಿ ಬಡಿಯಲು ಶುರು ಮಾಡಿದ್ದೇನೆ. ಇಂಡಿಯನ್ ಅಂಗಡಿಯ ಜೋಳದ ಹಿಟ್ಟು ಬೇಗ ಬೇಗ ಮುಗಿಯುತ್ತಿದೆ.

ವಿರುಪಾಕ್ಷ

*

ಸೇಂಟ್ ಆಲ್ಬನ್ಸ್
ಜುಲೈ 6

ಅಣ್ಣನಿಗೆ,

ನೀನು ಮತ್ತೆ ರೊಟ್ಟಿ ಮಾಡುತ್ತಿರುವುದು ಕೇಳಿ ಸಮಾಧಾನವಾಯಿತು. ಅತ್ತಿಗೆ ಹೋದ ಮೇಲೆ ನೀನು ಬ್ರೆಡ್ಡಿನಲ್ಲೇ ಕಾಲ ಹಾಕುತ್ತಿದ್ದೆ.

ಇಲ್ಲಿ ಎಲ್ಲ ಮಾಮೂಲು. ನಾನು ಫಾರ್ಮಸಿಯಲ್ಲಿ ಬೆಳಗಿನ ಪಾಳಿ ತೆಗೆದುಕೊಂಡಿದ್ದೇನೆ. ರೇಮಂಡ್ ಎಂದಿನಂತೆ ರೈಲು ಓಡಿಸುತ್ತಿದ್ದಾನೆ. ಚಾರ್ಲಿ ಮಾವನಿಗೆ ಸ್ವಲ್ಪ ದಣಿವು.

ಆರವ್ ನಿನಗೇನಾದರೂ ಬರೆದನೇ? ಅವನ ಫೋನ್ ಇನ್ನೂ ಆಫ್ ಇದೆ. ಕ್ಲಬ್ಬಿನವರನ್ನು ಕೇಳಿದರೆ ರಜೆಯ ಮೇಲಿದ್ದಾನೆ ಅಂದರು. ಗೋಝೋ ಎಂಬ ಪಕ್ಕದ ದ್ವೀಪದಲ್ಲಿ ಅವನ ಗೆಳೆಯನ ಮನೆಯಿದೆ, ಅಲ್ಲಿಗೆ ಹೋಗಿರಬೇಕು. ಸುಮ್ಮನೆ ಕೇಳಿದೆ, ಅವಸರವೇನಿಲ್ಲ.

ಮಹಾಶ್ವೇತಾ

*

ಪೆಂಡಲ್ ಹಿಲ್
ಜುಲೈ 14

ಶ್ವೇತಾಳಿಗೆ,

ಆರವ್ ನನಗೆ ಪತ್ರ ಬರೆದಿಲ್ಲ. ಇಪ್ಪತ್ತೆರಡು ವರ್ಷದವನು, ಎಲ್ಲಿದ್ದರೂ ಊಟ ಮಾಡಿಕೊಂಡು ಇರುತ್ತಾನೆ.

ಬೀಗರ ದಣಿವು ಅರ್ಥವಾಗುತ್ತದೆ. ಏಳು ಗೋಲಿನ ಭಾರ ಒಬ್ಬ ಮನುಷ್ಯನ ಹೆಗಲಿಗೆ ಹೆಚ್ಚಾಯಿತು. ಬಾವುಟ ಕಟ್ಟಿಕೊಂಡು ತಿರುಗಲು ಈಗ ಫ್ಯಾಕ್ಟರಿಯೂ ಇಲ್ಲವಲ್ಲ.

ಒಂದು ವಿಷಯ ಕೇಳುತ್ತೇನೆ. ಇಲ್ಲಿಯ ಕ್ಲಬ್ಬೊಂದಕ್ಕೆ ಕೀಪರ್ ಬೇಕಾಗಿದ್ದಾನೆ. ಕೋಚ್ ನನಗೆ ಪರಿಚಯ. ಹುಡುಗ ಮಾಲ್ಟಾ ಬಿಟ್ಟು ಸಿಡ್ನಿಗೆ ಬಂದರೆ ನಿನ್ನ ತಕರಾರು ಇದೆಯೇ? ನನ್ನ ಮನೆಯಲ್ಲೇ ಇರಬಹುದು. ಯೋಚಿಸಿ ಬರೆ.

ವಿರುಪಾಕ್ಷ

*

ಸೇಂಟ್ ಆಲ್ಬನ್ಸ್
ಜುಲೈ 18

ಅಣ್ಣಾ,

ನಿನ್ನ ಪತ್ರವನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಓದಿದೆ.

ಜೂನ್ ಕೊನೆಗೆ ಚಾರ್ಲಿ ಮಾವನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತು ಹೋಗಿದೆ. ನಿನಗೆ ಬರೆಯಬಾರದೆಂದಲ್ಲ. ನೀವಿಬ್ಬರೂ ಮಾತು ಬಿಟ್ಟವರು, ನಿನ್ನ ಕಡೆಯಿಂದ ಬರಿಯ ಮರ್ಯಾದೆಯ ಎರಡು ಸಾಲು ಬರುವುದನ್ನು ಓದುವ ಶಕ್ತಿ ನನಗಿರಲಿಲ್ಲ. ಅದಕ್ಕೆ ದಣಿವು ಎಂದು ಬರೆದೆ. ಅದರ ಮೇಲೆ ನೀನು ತಮಾಷೆ ಮಾಡಿದೆ.

ನಿನ್ನೆ ಡಾಕ್ಟರ್ ಬಂದು, ಇನ್ನೊಂದು ಸಲ ಆದರೆ ಉಳಿಯುವುದು ಕಷ್ಟ, ಬರಬೇಕಾದವರಿಗೆ ಹೇಳಿಬಿಡಿ ಅಂದರು. ಬರಬೇಕಾದವನು ಒಬ್ಬನೇ. ಮಾವ ಎಡಗೈಯಿಂದ ಗಾಳಿಯಲ್ಲಿ ಎತ್ತರ ತೋರಿಸುತ್ತಾರೆ, ಆರವ್‌ನ ಎತ್ತರ. ದಿನಕ್ಕೆ ಎಷ್ಟು ಸಲವೋ. ರೇಮಂಡ್ ಬಾಗಿಲ ಕಡೆ ನೋಡಿ "ಬರ್ತಾನೆ ಪಾ" ಅನ್ನುತ್ತಾನೆ. ನಾವು ಕಳಿಸಿದ ಮೆಸೇಜುಗಳನ್ನು ಅವನು ತೆರೆದೇ ಇಲ್ಲ. ಗೋಝೋದ ಗೆಳೆಯ ಸಿಕ್ಕಿದ, ಆರವ್ ಅಲ್ಲಿಗೆ ಬಂದೇ ಇಲ್ಲವಂತೆ. ನನ್ನ ಮಗ ಯಾವ ದೇಶದಲ್ಲಿದ್ದಾನೆ ಎಂಬುದೂ ನನಗೆ ತಿಳಿಯದು.

ಇದರಲ್ಲಿ ನೀನು ಮಾಡುವಂಥದ್ದೇನೂ ಇಲ್ಲ. ಅದಕ್ಕೇ ಇದು ಫೋನಲ್ಲ, ಪತ್ರ. ಯಾರಿಗಾದರೂ ಹೇಳಬೇಕಿತ್ತು.

ಶ್ವೇತಾ

*

ಪೆಂಡಲ್ ಹಿಲ್
ಜುಲೈ 23

ಶ್ವೇತಾ,

"ಬರ್ತಾ ಇದಾನ, ಸಂಜಿ ವಿಮಾನ" ಎಂಬ ನನ್ನ ಮೆಸೇಜು ಮಧ್ಯಾಹ್ನವೇ ನಿನಗೆ ತಲುಪಿದೆ. ನೀನು ಈ ಪತ್ರ ಓದುವ ಹೊತ್ತಿಗೆ ಅವನು ಬಂದು ದಿನಗಳಾಗಿರುತ್ತವೆ, ನಡೆದದ್ದನ್ನು ಅವನೇ ಹೇಳಿರುತ್ತಾನೆ. ಆದರೂ ನಾನು ಬರೆಯಬೇಕು.

ಜೂನ್ ನಡುವಿನಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಅವನು ಬ್ಯಾಗು ಹಿಡಿದು ನಿಂತಿದ್ದ. "ಯಾಕಪಾ, ಏನಾತು?" ಅಂದೆ. "ಮಾಮಾ, ಇಲ್ಲಿ ನೀವು ಏನೂ ಕೇಳಲ್ಲ ಅಲ್ವಾ" ಅಂದ. ಕಿವಿಯ ಮಾತೋ, ಸ್ವಭಾವದ ಮಾತೋ ತಿಳಿಯಲಿಲ್ಲ. "ಡೋಂಟ್ ಟೆಲ್ ಅಮ್ಮಾ. ಒಂದು ವಾರ ಅಷ್ಟೇ" ಅಂದ. ಮಾತು ಕೊಟ್ಟೆ.

ವಾರ ಕಳೆಯಿತು. ಆಮೇಲೆ ನಾನು ಆ ಮಾತಿನ ಹಿಂದೆ ಅಡಗಿ ಕೂತೆ. ಮೊದಲು ಚೆಂಡಿನ ಕಡೆ ತಿರುಗಿಯೂ ನೋಡದವನು ಒಂದು ಶನಿವಾರ ನನ್ನ ಜೊತೆ ಮೈದಾನಕ್ಕೆ ಬಂದ, ಕೈಗವಸು ಹಾಕಿದ. ಅವನನ್ನು ನೋಡಲು ಇಲ್ಲಿಯ ಕೋಚನ್ನು ಕರೆಸಿದೆ. ಹುಡುಗ ಇಲ್ಲೇ ಉಳಿದರೆ ಚೆನ್ನ ಎಂದು ಆಸೆಪಟ್ಟೆ. ನಿನ್ನ ಮಾವ ಸೋತರು, ನಾನು ಗೆದ್ದೆ ಎಂದೂ ಅನಿಸಿತು. ನೀನು ನೇರವಾಗಿ ಕೇಳಿದಾಗ "ಪತ್ರ ಬರೆದಿಲ್ಲ" ಎಂದು ಬರೆದೆ. ಅದು ಸುಳ್ಳಲ್ಲ. ಪಕ್ಕದ ಕೋಣೆಯಲ್ಲಿರುವವನು ಪತ್ರ ಯಾಕೆ ಬರೆದಾನು?

ನಿನ್ನ ಪತ್ರ ಇವತ್ತು ಬಂತು. ಅವನಿಗೆ ಕನ್ನಡ ಓದಲು ಬರುವುದಿಲ್ಲ, ನಾನೇ ಓದಿ ಹೇಳಬೇಕಾಯಿತು. ಎತ್ತರ ತೋರಿಸುತ್ತಾರೆ ಎಂಬಲ್ಲಿಗೆ ಬಂದಾಗ ನಿಲ್ಲಿಸಿದೆ. ಅವನ ತುಟಿ ನೋಡಿ ಮಾತು ತಿಳಿದುಕೊಂಡೆ.

"ನಿಮಗೆ ಗೊತ್ತಿತ್ತಾ?"

"ಇಲ್ಲೋ. ದಣಿವು ಅಂತ ಬರದಿದ್ಲು."

"ನಾನು ಇಲ್ಲಿರೋದು ಅಮ್ಮಂಗೆ?"

"ಅಕಿಗೆ ಗೊತ್ತಿಲ್ಲ."

"ಯು ಟೂ," ಅಂದ. ಅಮ್ಮನ ಹಾಗೆ ನೀವೂ ಮುಚ್ಚಿಟ್ಟಿರಿ ಎಂಬ ಅರ್ಥದಲ್ಲಿ. ಎದ್ದು ಬ್ಯಾಗು ತುಂಬಿದ. ಏರ್‌ಪೋರ್ಟಿನವರೆಗೂ ಕಾರಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅವನು ಏನಾದರೂ ಅಂದಿದ್ದರೂ ನನಗೆ ತಿಳಿಯುತ್ತಿರಲಿಲ್ಲ.

ಬೀಗರು ಹೇಗಿದ್ದಾರೆ, ಬರೆ.

ವಿರುಪಾಕ್ಷ

*

ಸೇಂಟ್ ಆಲ್ಬನ್ಸ್
ಆಗಸ್ಟ್ 10

ವಿರುಪಾಕ್ಷಣ್ಣನಿಗೆ,

ಮಾವ ಬದುಕಿದ್ದಾರೆ.

ಆರವ್ ಏರ್‌ಪೋರ್ಟಿನಿಂದ ನೇರ ಆಸ್ಪತ್ರೆಗೆ ಬಂದ. ಮಂಚದ ಪಕ್ಕ ಕೂತು "ಸಾರಿ, ನನ್ನು" ಅಂದ. ಮಾಲ್ಟಾದವರು ಅಜ್ಜನಿಗೆ ನನ್ನು ಅನ್ನುತ್ತಾರೆ. ಅಷ್ಟು ಹೇಳಿ ಅಳಲು ಶುರು ಮಾಡಿದ. ಫೋನ್ ಆಫ್ ಮಾಡಿದ್ದಕ್ಕೆ ಸಾರಿ, ಏಳು ಗೋಲಿಗೆ ಸಾರಿ, ಹೆಸರು ಕೆಡಿಸಿದ್ದಕ್ಕೆ ಸಾರಿ. ಮಾವ ಟ್ರೇಯಲ್ಲಿದ್ದ ಕಿತ್ತಳೆ ಹಣ್ಣನ್ನು ಎಡಗೈಯಲ್ಲಿ ಎತ್ತಿ ಅವನ ಕಡೆ ಎಸೆದರು. ಕಣ್ಣೊರೆಸುತ್ತಿದ್ದ ಹುಡುಗ ನೋಡಲಿಲ್ಲ. ಹಣ್ಣು ಎದೆಗೆ ಬಡಿದು ಮಂಚದ ಕೆಳಗೆ ಉರುಳಿತು.

ಮಾವನ ಬಾಯಿ ಸೊಟ್ಟಗೆ ಅಲುಗಾಡಿತು. ಮೂರು ವಾರದಿಂದ ಒಂದು ಮಾತೂ ಆಡದವರು, ಬಹಳ ಕಷ್ಟಪಟ್ಟು "ತ್ಮಿಯೆನ್ಯಾ" ಅಂದರು. ನರ್ಸು ಗಾಬರಿಯಾಗಿ ಏನು ನೋವು ಎಂದು ಕೇಳಿದಳು. ರೇಮಂಡ್ ಗೋಡೆಗೆ ಒರಗಿ ನಗಲು ಶುರು ಮಾಡಿದ. ಅದು ಅವರ ಭಾಷೆಯಲ್ಲಿ ಎಂಟು. ಎಂಟನೆಯ ಗೋಲು. ಆರವ್ ಅಳುತ್ತಲೇ ನಕ್ಕ. ನಾನೂ ನಕ್ಕೆ. ಆಮೇಲೆ ಕಾರಿಡಾರಿಗೆ ಬಂದು ಅತ್ತೆ.

ಅವನು ಮತ್ತೆ ಮಾಲ್ಟಾಕ್ಕೆ ಹೋಗುತ್ತಿದ್ದಾನೆ. ಸಿಡ್ನಿಯ ಕ್ಲಬ್ಬಿಗೆ ಬರುವುದಿಲ್ಲವೆಂದು ಅವನೇ ಕೋಚಿಗೆ ತಿಳಿಸಿದ್ದಾನೆ. ನಾನು ಹೇಳಿಸಿದ್ದಲ್ಲ, ಮಾವ ಹೇಳಿಸಿದ್ದೂ ಅಲ್ಲ. "ಅಲ್ಲಿ ನಾನು ಅರ್ಧಕ್ಕೆ ಬಿಟ್ಟು ಬಂದೆ, ಅಮ್ಮಾ" ಅಂದ, ಅಷ್ಟೇ.

ಇನ್ನು ನಿನ್ನ ವಿಷಯ. ನೀನು ಜೋಳದ ಹಿಟ್ಟು ಮುಗಿಯುತ್ತಿದೆ ಎಂದು ಬರೆದಾಗ ಅಣ್ಣ ಚೆನ್ನಾಗಿ ಉಣ್ಣುತ್ತಿದ್ದಾನೆಂದು ಸಂತೋಷಪಟ್ಟವಳು ನಾನು. ಆ ರೊಟ್ಟಿ ನನ್ನ ಮಗನಿಗೆ ಎಂದು ಈಗ ಗೊತ್ತಾಯಿತು. ಮಾವ ಅಷ್ಟರೊಳಗೆ ಹೋಗಿಬಿಟ್ಟಿದ್ದರೆ? ನಾನೂ ಮುಚ್ಚಿಟ್ಟೆ, ನಿಜ. ಆದರೆ ನಾನು ಮುಚ್ಚಿಟ್ಟದ್ದು ಒಂದು ಕಾಯಿಲೆಯನ್ನು, ನೀನು ಮುಚ್ಚಿಟ್ಟದ್ದು ಒಬ್ಬ ತಾಯಿಯ ಮಗನನ್ನು.

ಸದ್ಯಕ್ಕೆ ನನಗೆ ಬರೆಯಬೇಡ.

ಮಹಾಶ್ವೇತಾ

*

ಪೆಂಡಲ್ ಹಿಲ್
ಸೆಪ್ಟೆಂಬರ್ 22

ಶ್ವೇತಾಳಿಗೆ,

ಬರೆಯಬೇಡ ಎಂದಿದ್ದೆ. ಒಂದೇ ಮಾತು ಕೇಳುವುದಿದೆ. ಅಕ್ಟೋಬರ್ ಪಂದ್ಯಕ್ಕೆ ಆರವ್ ಆಡುತ್ತಾನಂತೆ. ಮೊದಲ ಕೀಪರನಿಗೆ ಬೆರಳು ಮುರಿದಿದೆ ಎಂದು ಅವನೇ ಮೆಸೇಜ್ ಮಾಡಿದ. ಬೀಗರು ಮನೆಗೆ ಬಂದಿದ್ದಾರೆಂದೂ ತಿಳಿಯಿತು. ಆ ಪಂದ್ಯವನ್ನು ಅವರ ಜೊತೆ ಕೂತು ನೋಡಬೇಕೆಂದಿದ್ದೇನೆ. ಹಿಂದಿನ ದಿನದ ರೈಲಿಗೆ ಬುಕ್ ಮಾಡಿದ್ದೇನೆ. ಬೇಡವೆಂದರೆ ಒಂದು ಸಾಲು ಬರೆ, ಕ್ಯಾನ್ಸಲ್ ಮಾಡುತ್ತೇನೆ.

ವಿರುಪಾಕ್ಷ

*

ಪೆಂಡಲ್ ಹಿಲ್
ಅಕ್ಟೋಬರ್ 19

ಶ್ವೇತಾಳಿಗೆ,

ನೀನು ಆ ಸಾಲು ಬರೆಯಲಿಲ್ಲ, ನಾನು ಬಂದೆ. ನೀನು ಊಟ ಬಡಿಸಿದೆ, ಹಾಸಿಗೆ ಹಾಸಿದೆ, ಮಾತಾಡಲಿಲ್ಲ. ಬೆಳಗಿನ ಜಾವ ಪಾಳಿಗೆ ಹೊರಟುಹೋದೆ. ರೇಮಂಡ್‌ಗೂ ಡ್ಯೂಟಿ ಇತ್ತು. ನೀವು ಹೋದ ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಹೇಳಲು ಬೀಗರಿಗೆ ಮಾತಿಲ್ಲ, ಹಾಗಾಗಿ ನಾನೇ ಬರೆಯುತ್ತೇನೆ.

ಅವರ ಗಾಲಿಕುರ್ಚಿಯನ್ನು ಟಿವಿಯ ಎದುರು ತಂದೆ. ನನಗೆ ಕಾಮೆಂಟರಿ ಕೇಳಿಸದು. ಅವರು ಕೈ ಬೀಸಿ ಟಿವಿಯ ದನಿ ಪೂರ್ತಿ ಇಳಿಸಲು ಹೇಳಿದರು. ಹೀಗೆ ನಾವಿಬ್ಬರೂ ಸಮನಾದೆವು. ಆ ಕ್ರಿಸ್ಮಸ್ಸಿನ ಮಾತನ್ನು ನಾನು ಎತ್ತಲಿಲ್ಲ. ಎತ್ತಬೇಕೆಂದು ರೈಲಿನಲ್ಲಿ ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ, ಇಂಗ್ಲಿಷಿನಲ್ಲಿ. ಆಟ ಶುರುವಾಯಿತು, ಎಲ್ಲ ಮರೆತುಹೋಯಿತು.

ಮೊದಲರ್ಧ ಹುಡುಗ ಗೋಡೆಯ ಹಾಗೆ ನಿಂತ. ಕಾರ್ನರಿಗೆ ಬಾಯಿಬಿಟ್ಟು ಕೂಗುತ್ತಿದ್ದ, ನನಗೆ ಕಾಣಿಸಿತು. ಒಂದು ಚೆಂಡನ್ನು ಎಡಕ್ಕೆ ಹಾರಿ ಬೆರಳ ತುದಿಯಲ್ಲಿ ಕಂಬದಾಚೆ ತಳ್ಳಿದ. ಬೀಗರು ನನ್ನ ಮಣಿಕಟ್ಟು ಹಿಡಿದವರು ಬಿಡಲಿಲ್ಲ. ಮನುಷ್ಯನಿಗೆ ಎಡಗೈಯಲ್ಲಿ ಇನ್ನೂ ಫ್ಯಾಕ್ಟರಿಯ ಬಲ ಇದೆ. ಕೊನೆಗೆ, ಆಟ ಮುಗಿಯುತ್ತ ಬಂದಾಗ, ಒಂದು ಹೊಡೆತ ನಮ್ಮವನದೇ ಕಾಲಿಗೆ ತಾಗಿ ದಿಕ್ಕು ಬದಲಿಸಿ ಒಳಗೆ ಹೋಯಿತು. ಅದನ್ನು ಯಾವ ಕೀಪರನೂ ತಡೆಯಲಾರ. ಒಂದು-ಸೊನ್ನೆ. ಸೋತೆವು.

ನಾನು ಟಿವಿ ಆರಿಸಲು ಎದ್ದೆ. ಅವರು ತಲೆ ಅಲ್ಲಾಡಿಸಿ ಬೇಡವೆಂದರು. ಆಟಗಾರರು ಗ್ಯಾಲರಿಯ ಕಡೆ ನಡೆದುಹೋಗಿ, ಪಂದ್ಯ ನೋಡಲು ಬಂದ ಜನಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಎಲ್ಲರಿಗಿಂತ ಹಿಂದೆ ಆರವ್, ಕೈಗವಸು ಕಳಚಿ. ಜನ ಎದ್ದುನಿಂತು ಅವರಿಗೆ ತಿರುಗಿ ತಟ್ಟುತ್ತಿದ್ದರು. ಬೀಗರು ನನ್ನ ಬಲಗೈಯನ್ನು ಎಳೆದು ತಮ್ಮ ಎದೆಯ ಮುಂದೆ ಹಿಡಿದುಕೊಂಡರು. ಯಾಕೆಂದು ತಿಳಿಯಲಿಲ್ಲ. ಆಮೇಲೆ ತಮ್ಮ ಎಡಗೈಯಿಂದ ನನ್ನ ಅಂಗೈ ಮೇಲೆ ಹೊಡೆಯತೊಡಗಿದರು. ಚಪ್ಪಾಳೆಗೆ ಅವರ ಹತ್ತಿರ ಒಂದೇ ಕೈ ಇತ್ತು.

ಹುಡುಗರು ಒಳಗೆ ಹೋಗುವವರೆಗೂ ನಾನು ಕೈ ಹಾಗೇ ಹಿಡಿದಿದ್ದೆ. ನನಗೆ ಸದ್ದು ಕೇಳಿಸಲಿಲ್ಲ, ಅಂಗೈ ಮಾತ್ರ ಉರಿಯುತ್ತಿತ್ತು.

ಸಂಜೆ ರೇಮಂಡ್ ಬಂದೊಡನೆ, ನೀನು ಬರುವ ಮೊದಲೇ ನಾನು ರೈಲು ಹತ್ತಿದೆ. ನಿನ್ನ ಸಿಟ್ಟು ನ್ಯಾಯವಾದದ್ದು. ಇಳಿಸಿಕೋ ಎಂದು ಕೇಳುವುದಿಲ್ಲ.

ವಿರುಪಾಕ್ಷ

*

ಸೇಂಟ್ ಆಲ್ಬನ್ಸ್
ನವೆಂಬರ್ 2

ಅಣ್ಣನಿಗೆ,

ಸಿಟ್ಟು ಇಳಿದಿಲ್ಲ. ಯಾವಾಗ ಇಳಿಯುತ್ತದೋ ತಿಳಿಯದು. ಅದು ಇಳಿಯಲೆಂದು ಕಾಯುತ್ತ ಕೂತರೆ ಮಾವನಿಗೆ ಅಷ್ಟು ದಿನ ಇಲ್ಲ.

ಈಗ ಅವರಿಗೆ ಆರೇಳು ಮಾತು ಬರುತ್ತವೆ. ನಿನ್ನೆ ಟಿವಿಯ ಕಡೆ ಕೈ ತೋರಿಸಿ "ವಿರು" ಅಂದರು. ಮೊದಲು ನನಗೆ ತಿಳಿಯಲಿಲ್ಲ. ಎರಡನೇ ಸಲ ಸಿಡುಕಿನಿಂದ ಅಂದರು.

ಈ ತಿಂಗಳ ನಡುವೆ ಮತ್ತೊಂದು ಪಂದ್ಯವಿದೆ. ಮೊದಲ ಕೀಪರನ ಬೆರಳು ವಾಸಿಯಾಗಿದೆ, ಆರವ್ ಬೆಂಚಿನಲ್ಲಿ ಕೂರಬಹುದು. ಗೆಲ್ಲುವ ಮಾತಂತೂ ಇಲ್ಲ. ಎರಡು ದಿನ ಮೊದಲೇ ಬಾ, ಬರುವಾಗ ಜೋಳದ ಹಿಟ್ಟು ತಾ.

ಆ ಬೆಳಿಗ್ಗೆ ನಾನು ಪಾಳಿಗೆ ಹೋಗುವುದಿಲ್ಲ. ರಜೆ ಹಾಕಿದ್ದೇನೆ.

ಶ್ವೇತಾ